ಎರಡು ಕಾರ್ಬ್ಯುರೇಟರಿಗೆ ಒಂದೇ ಮೂಗು

ಹಳೇ ಕಾರಿನ ಹುಚ್ಚು ಇರೋರು ಬಾನೆಟ್ ಎತ್ತಿದ ಕೂಡಲೇ ಎಣಿಸೋದು ಕಾರ್ಬ್ಯುರೇಟರುಗಳನ್ನ. ಒಂದಿದ್ದರೆ ಸುಮ್ಮನೆ ತಲೆಯಾಡಿಸ್ತಾರೆ, ಎರಡಿದ್ದರೆ ಮುಖ ಅರಳುತ್ತೆ. ಆ ಎರಡರ ಬಾಯಿಗೂ ಅಡ್ಡಲಾಗಿ ಕೂತಿರೋ ಗಾಳಿಪೆಟ್ಟಿಗೆಯನ್ನ, ಅಂದ್ರೆ ಏರ್‌ಬಾಕ್ಸನ್ನ, ಮಾತ್ರ ಯಾರೂ ಕಣ್ಣೆತ್ತಿ ನೋಡಲ್ಲ. ನೋಡಿದರೂ ಕಿತ್ತು ಬಿಸಾಕೋಕೆ! ಪಳಪಳ ಹೊಳೆಯೋ ತುತ್ತೂರಿಗಳನ್ನ ಸಿಕ್ಕಿಸಿದರೆ ಎಂಜಿನ್ ಗುಡುಗುತ್ತೆ, ಕೇಳೋದಕ್ಕೆ ರೇಸ್ ಕಾರಿನ ಹಾಗಿರುತ್ತೆ. ಆದರೆ ನಾನು ಬಗದಲ್ ಕಡೆಯವನು. ಧೂಳು ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಈ ಬಡಪಾಯಿ ಡಬ್ಬಿಯ ಇತಿಹಾಸ ಬರೆಯೋಣ ಅನ್ನಿಸ್ತು.

ಮೊದಲು ಒಂದು ಸಣ್ಣ ಲೆಕ್ಕ. ಪೆಟ್ರೋಲ್ ಪೂರ್ತಿ ಸುಡಬೇಕಾದರೆ ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಅಂದುಕೊಳ್ಳಿ. ಗಾಳಿ 11 ಕಿಲೋ ಆಯ್ತು, ಅಂದ್ರೆ ಹತ್ತಿರ ಹತ್ತಿರ 9,000 ಲೀಟರ್. ನಲವತ್ತು ಲೀಟರ್ ಟ್ಯಾಂಕ್ ಖಾಲಿ ಮಾಡೋಷ್ಟರಲ್ಲಿ ಎಂಜಿನ್ ಮೂರೂವರೆ ಲಕ್ಷ ಲೀಟರ್ ಗಾಳಿ ಕುಡಿದಿರುತ್ತೆ. ಬೀದರ್ ಇರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆ ನೆಲ. ಏಪ್ರಿಲ್ಲಿನಲ್ಲಿ ಒಂದು ಬಸ್ಸಿನ ಹಿಂದೆ ಹತ್ತು ನಿಮಿಷ ಹೋದರೆ ಸಾಕು, ಬಿಳಿ ಅಂಗಿ ಹೋದ ರಸ್ತೆಯ ಬಣ್ಣಕ್ಕೆ ತಿರುಗುತ್ತೆ. ಆ ಮಣ್ಣು ಸಿಲಿಂಡರಿಗೆ ಹೋಗಿ ಎಂಜಿನ್ ಆಯಿಲ್ ಜೊತೆ ಕಲೆತರೆ ವಾಲ್ವ್ ಉಜ್ಜೋ ಗ್ರೈಂಡಿಂಗ್ ಪೇಸ್ಟ್ ತಯಾರು.

ಈಗ ಕಾರ್ಬ್ಯುರೇಟರ್ ಕಥೆಗೆ ಬರೋಣ. ಹಳೇ ಬ್ರಿಟಿಷ್ ಕಾರುಗಳಲ್ಲಿ ಜೋಡಿ ಅಂದ್ರೆ ಸಾಮಾನ್ಯವಾಗಿ ಎಸ್‌ಯು. ಸ್ಕಿನ್ನರ್ಸ್ ಯೂನಿಯನ್ ಅನ್ನೋದರ ಮೊದಲಕ್ಷರಗಳು ಅವು. ಲಂಡನ್ನಿನಲ್ಲಿ ಲಿಲಿ ಅಂಡ್ ಸ್ಕಿನ್ನರ್ ಅಂತ ಚಪ್ಪಲಿ ಬೂಟಿನ ವ್ಯಾಪಾರದ ಮನೆತನ ಇತ್ತು. ಆ ಮನೆಯ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 1904-05ರ ಸುಮಾರಿಗೆ ಕಟ್ಟಿದ ಕಾರ್ಬ್ಯುರೇಟರಿನೊಳಗೆ ಇದ್ದದ್ದು ಚರ್ಮದ ತಿದಿ! ಬೂಟಿನ ಮನೆಯವರಿಗೆ ಚರ್ಮಕ್ಕೇನು ಬರ? 1910ರಲ್ಲಿ ಕಂಪನಿ ಆಯ್ತು, ತಿದಿ ಹೋಗಿ ಲೋಹದ ಪಿಸ್ಟನ್ ಬಂತು, 1926ರಲ್ಲಿ ಮಾರಿಸ್ ಕಾರುಗಳ ಡಬ್ಲ್ಯು. ಆರ್. ಮಾರಿಸ್ ಅದನ್ನ ಕೊಂಡುಕೊಂಡ.

ಎಸ್‌ಯು ಕೆಲಸ ಮಾಡೋ ರೀತಿ ನಮ್ಮಂಥ ಸಾಫ್ಟ್‌ವೇರಿನವರಿಗೆ ಭಾರೀ ಇಷ್ಟ ಆಗುತ್ತೆ. ಎಂಜಿನ್ ಹೆಚ್ಚು ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ದಾರಿ ಅಗಲ ಆಗುತ್ತೆ. ಪಿಸ್ಟನ್ನಿನ ತಳದಲ್ಲಿರೋ ಮೊನಚು ಸೂಜಿಯೂ ಜೊತೆಗೇ ಮೇಲೆದ್ದು ಜೆಟ್ಟಿನಿಂದ ಅಷ್ಟೇ ಹೆಚ್ಚು ಪೆಟ್ರೋಲ್ ಬಿಡುತ್ತೆ. ತಾನೇ ಅಳೆದು ತಾನೇ ಸರಿಮಾಡಿಕೊಳ್ಳೋ ಯಂತ್ರ. ಒಂದೇ ತೊಂದರೆ ಏನಪ್ಪಾ ಅಂದ್ರೆ, ಆ ಪಿಸ್ಟನ್ನಿಗೂ ಅದರ ಕೊಳವೆಗೂ ನಡುವೆ ಇರೋ ಸಂದು ಬಲು ಸಣ್ಣದು. ಅಲ್ಲಿ ಸ್ವಲ್ಪ ಕೊಳೆ ಸೇರಿದರೂ ಪಿಸ್ಟನ್ ಅಂಟಿಕೊಂಡು ಮುಷ್ಕರ ಹೂಡುತ್ತೆ.

ಇಂಗ್ಲೆಂಡಿನ ಒದ್ದೆ ರಸ್ತೆಗಳಲ್ಲಿ ಇದು ದೊಡ್ಡ ತಲೆನೋವಾಗಿರಲಿಲ್ಲ. ಕಾಡಿದ್ದು ಬಿಸಿಲಿನ ದೇಶಗಳಲ್ಲಿ. ಇದಕ್ಕೆ ನನಗೆ ಇಷ್ಟವಾದ ಸಾಕ್ಷಿ ಸಿಗೋದು ಕಾರಿನಲ್ಲಿ ಅಲ್ಲ, ಸ್ಪಿಟ್‌ಫೈರ್ ಯುದ್ಧ ವಿಮಾನದಲ್ಲಿ. ಅದರ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿಗೂ ಇದ್ದದ್ದು ಎಸ್‌ಯು ಕಾರ್ಬ್ಯುರೇಟರೇ. 1940ರ ಕದನದಲ್ಲಿ ಮೂತಿ ಥಟ್ಟನೆ ಕೆಳಗೆ ಮಾಡಿದರೆ ಪೆಟ್ರೋಲ್ ಏರುಪೇರಾಗಿ ಎಂಜಿನ್ ಕೆಮ್ಮುತ್ತಿತ್ತು. ಜರ್ಮನ್ನರದ್ದು ಇಂಜೆಕ್ಷನ್, ಅವರಿಗೆ ಆ ತಾಪತ್ರಯ ಇರಲಿಲ್ಲ. 1941ರಲ್ಲಿ ಬೀಟ್ರಿಸ್ ಶಿಲ್ಲಿಂಗ್ ಅನ್ನೋ ಎಂಜಿನಿಯರ್ ಪೆಟ್ರೋಲ್ ದಾರಿಗೆ ತೂತಿರೋ ಒಂದು ಚಿಕ್ಕ ಬಿಲ್ಲೆ ಕೂರಿಸಿ ಆ ಕೆಮ್ಮನ್ನ ಬಹುಮಟ್ಟಿಗೆ ನಿಲ್ಲಿಸಿದಳು. (ನಮ್ಮ ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷದಲ್ಲಿ ಈಕೆಯ ಹೆಸರನ್ನ ಒಬ್ಬರೂ ಎತ್ತಲಿಲ್ಲ.)

ಅದಾದ ಮೇಲೆ ಅದೇ ವಿಮಾನಗಳು ಉತ್ತರ ಆಫ್ರಿಕಾದ ಮರಳುಗಾಡಿಗೆ ಹೋದವು. ಅಲ್ಲಿನ ಮರಳು ಎಂಜಿನ್ ತಿನ್ನತೊಡಗಿತು. ಮೂತಿಯ ಕೆಳಗೆ ವೋಕ್ಸ್ ಕಂಪನಿಯ ದೊಡ್ಡ ಫಿಲ್ಟರ್ ಬಂತು. ಫೋಟೋದಲ್ಲಿ ನೋಡಿ, ವಿಮಾನಕ್ಕೆ ಗದ್ದಬಾವು ಬಂದಂಗಿದೆ :-) ಅದರಿಂದ ವೇಗ ಕಡಿಮೆಯಾಯ್ತು, ಪೈಲಟ್‌ಗಳು ಗೊಣಗಿದರು. ಆದರೂ ಫಿಲ್ಟರ್ ಬೇಡ ಅಂತ ಕಿತ್ತು ಹಾಕಲಿಲ್ಲ. ಈಜಿಪ್ಟಿನ ಅಬೂಕಿರ್‌ನಲ್ಲಿದ್ದ ದುರಸ್ತಿ ಘಟಕದವರು ಅದಕ್ಕಿಂತ ಚಿಕ್ಕದಾದ, ಚೊಕ್ಕದಾದ ಇನ್ನೊಂದನ್ನ ತಾವೇ ಮಾಡಿದರು. ಪ್ರಾಣ ಪಣಕ್ಕಿಟ್ಟು ವೇಗ ಬೇಕಾಗಿದ್ದವರೇ ಧೂಳಿಗೆ ಹೆದರಿ ಡಬ್ಬಿ ಇಟ್ಟುಕೊಂಡರು ಅನ್ನೋದನ್ನ ತುತ್ತೂರಿ ಪ್ರಿಯರು ಸ್ವಲ್ಪ ಗಮನಿಸಬೇಕು.

ಯುದ್ಧ ಮುಗಿದ ಮೇಲಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಡಬ್ಬಿಯ ಅವತಾರಗಳು ಹಲವು. 1949ರ ಕೊನೆಯಲ್ಲಿ ಬಂದ ಎಂ.ಜಿ. ಟಿ.ಡಿ.ಗೆ 1250 ಸಿಸಿ ಎಂಜಿನ್, ಒಂದೂಕಾಲು ಇಂಚಿನ ಎರಡು ಎಸ್‌ಯು. ಎರಡರ ಬಾಯನ್ನೂ ಸೇರಿಸೋ ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಸೇರಿದಂತೆ ಎಂಜಿನ್ ತಲೆಯ ಮೇಲೆ ಆಯಿಲ್ ಬಾತ್ ಏರ್ ಕ್ಲೀನರ್. ಅದರ ನಂತರದ ಟಿ.ಎಫ್.ನಲ್ಲಿ ಬಾನೆಟ್ ತಗ್ಗಾದ್ದರಿಂದ ಅದಕ್ಕೆ ಜಾಗ ಉಳಿಯದೆ ಒಂದೊಂದಕ್ಕೂ ಪ್ರತ್ಯೇಕ ದೋಸೆಯಂಥ ಫಿಲ್ಟರ್ ಬಂತು. 1955ರ ಎಂ.ಜಿ.ಎ.ಗೆ ಅದೇ ವೋಕ್ಸ್‌ನವರ ಜೋಡಿ ಫಿಲ್ಟರ್. 1961ರ ಮಿನಿ ಕೂಪರಿನಲ್ಲಿ ಒಂದೇ ತಗಡಿನ ಪೆಟ್ಟಿಗೆ, ಒಳಗೆ ಎರಡು ಕಾಗದದ ಎಲಿಮೆಂಟ್.

ಎಂ.ಜಿ.ಎ. ಹೆಸರು ಬಂದಾಗ ನಮ್ಮ ಅಂಬಾಸಿಡರನ್ನ ಮರೆಯೋ ಹಾಗಿಲ್ಲ. 1959ರಲ್ಲಿ ಅಂಬಾಸಿಡರಿಗೆ ಬಂದ 1489 ಸಿಸಿ ಎಂಜಿನ್ ಮತ್ತು ಎಂ.ಜಿ.ಎ.ಯ ಮೊದಲ ಎಂಜಿನ್ ಎರಡೂ ಬಿಎಂಸಿಯ ಬಿ ಸೀರೀಸ್, ಒಂದೇ ತಾಯಿಯ ಮಕ್ಕಳು. ಅಲ್ಲಿ ಎರಡು ಎಸ್‌ಯು ಹಾಕಿ 68, ಆಮೇಲೆ 72 ಅಶ್ವಶಕ್ತಿ ತೆಗೆದರು. ಇಲ್ಲಿ ಒಂದೇ ಕಾರ್ಬ್ಯುರೇಟರ್, 55ರ ಆಸುಪಾಸು. ಅಣ್ಣ ಸೂಟು ಹಾಕಿಕೊಂಡು ರೇಸಿಗೆ ಹೋದ, ತಮ್ಮ ಮದುವೆ ದಿಬ್ಬಣಕ್ಕೆ ಹನ್ನೊಂದು ಜನರನ್ನ ಹೊತ್ತ. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು.

ನಮ್ಮ ದೊಡ್ಡಪ್ಪನ ಬಳಿ ಒಂದು ಇತ್ತು. ಬಗದಲ್‌ನಿಂದ ಬೀದರ್‌ಗೆ ಬಾಡಿಗೆ ಓಡೋದು. ಅದಕ್ಕೂ ಆಯಿಲ್ ಬಾತ್ ಫಿಲ್ಟರ್. ಒಳಗೆ ಬಂದ ಗಾಳಿ ಎಣ್ಣೆಯ ಬಟ್ಟಲಿನ ತನಕ ಇಳಿದು ಥಟ್ಟನೆ ಮೇಲಕ್ಕೆ ತಿರುಗಬೇಕು. ಗಾಳಿ ತಿರುಗುತ್ತೆ, ಭಾರದ ಮಣ್ಣಿನ ಕಣ ತಿರುಗಲಾರದೆ ಎಣ್ಣೆಗೆ ಬೀಳುತ್ತೆ. ತಪ್ಪಿಸಿಕೊಂಡದ್ದನ್ನ ಮೇಲಿನ ಎಣ್ಣೆ ಹತ್ತಿದ ಜಾಲರಿ ಹಿಡಿಯುತ್ತೆ. ದೊಡ್ಡಪ್ಪ ಬಟ್ಟಲು ಬಿಚ್ಚಿದಾಗಲೆಲ್ಲ ತಳದಲ್ಲಿ ಒಂದು ಬೆರಳು ಕೆಸರು ಇರೋದು. ನಂತರ ಒಬ್ಬ ಡ್ರೈವರ್ ಬಂದ. "ಮೂಗಿಗ ಅರಿವಿ ಕಟ್ಟದಂಗ ಅದ ಮಾಲಕ್ರೆ, ಇದನ್ನ ತೆಗದ್ರ ಗಾಡಿ ಹೆಂಗ ಹಾರ್ತದ ನೋಡ್ರಿ" ಅಂದ. ತೆಗೆದ. ಹಾರಿತು ಕೂಡ, ಒಂದು ಬೇಸಿಗೆ. ಮುಂದಿನ ವರ್ಷ ನೀಲಿ ಹೊಗೆ, ಆಯಿಲ್ ಕುಡಿಯೋದು, ರಿಂಗ್ ಹೋಯ್ತು, ಬೋರ್ ಹೋಯ್ತು. ರೀಬೋರಿಗೆ ದುಡ್ಡು ಹೊಂದಿಸೋಕೆ ಆಗದೆ ದೊಡ್ಡಪ್ಪ ಗಾಡಿ ಮಾರಿ ಹೊಲಕ್ಕೆ ವಾಪಸಾದರು.

ಇದನ್ನೆಲ್ಲ ಈಗ ನೆನೆಸಿಕೊಳ್ಳೋಕೆ ಕಾರಣ ಬೆಂಗಳೂರಿನ ಒಬ್ಬ ಗೆಳೆಯನ ಟಿ.ಡಿ. ಹಿಂದಿನ ಮಾಲೀಕರು ಯಾರೋ ಡಬ್ಬಿ ಕಿತ್ತು ಬರೀ ತಂತಿಬಲೆ ಹಾಕಿದ್ದರು. ಇವನು ಬಹಳ ಹುಡುಕಿ ಆ ಕಾಲದ್ದೇ ಅಲ್ಯೂಮಿನಿಯಂ ಕೊಳವೆ, ಏರ್ ಕ್ಲೀನರ್ ಎರಡೂ ತಂದ. ಹಾಕೋದಾ ಬೇಡವಾ ಅಂತ ಅವನಿಗೇ ಅನುಮಾನ, "ಪವರ್ ಹೋಗುತ್ತಲ್ವಾ?" ಅಂತ. ಟಿ.ಡಿ.ಗೆ ಇರೋದೇ 54 ಅಶ್ವಶಕ್ತಿ ಮಾರಾಯಾ, ಅದನ್ನೂ ಆ ಡಬ್ಬಿ ಇರುವ ಲೆಕ್ಕದಲ್ಲೇ ಹೊಂದಿಸಿದ್ದಾರೆ ಅಂದೆ. ಇದು ಬಾಯಿಮಾತಲ್ಲ. ಡಬ್ಬಿ ಇದ್ದಾಗ ಕಾರ್ಬ್ಯುರೇಟರಿನ ಬಾಯಲ್ಲಿ ಒತ್ತಡ ಹೊರಗಿಗಿಂತ ಸ್ವಲ್ಪ ಕಡಿಮೆ ಇರುತ್ತೆ, ಫ್ಲೋಟ್ ಬಟ್ಟಲಿನಲ್ಲಿ ಮಾತ್ರ ಹೊರಗಿನ ಒತ್ತಡವೇ. ಆ ವ್ಯತ್ಯಾಸ ಒಂದಿಷ್ಟು ಹೆಚ್ಚು ಪೆಟ್ರೋಲನ್ನ ತಳ್ಳುತ್ತೆ. ಸೂಜಿಯ ಮೊನಚನ್ನ ಆರಿಸುವಾಗ ಇದನ್ನೂ ಲೆಕ್ಕ ಹಾಕಿರ್ತಾರೆ. ಡಬ್ಬಿ ತೆಗೆದು ಸೂಜಿ ಬದಲಿಸದಿದ್ದರೆ ಮಿಶ್ರಣ ತೆಳುವಾಗುತ್ತೆ, ಎಂಜಿನ್ ಬಿಸಿಯಾಗುತ್ತೆ.

ಜೆ.ಸಿ. ರಸ್ತೆ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಕೂರಿಸಿದ ಕ್ರಮ ನೋಡೋಕೆ ಚೆಂದ ಇತ್ತು. ಮೊದಲು ಡಬ್ಬಿ ಇಲ್ಲದೆ ಎಂಜಿನ್ ಶುರು ಮಾಡಿ, ಒಂದು ರಬ್ಬರ್ ಪೈಪಿನ ತುದಿ ಕಿವಿಗಿಟ್ಟು ಇನ್ನೊಂದನ್ನ ಒಂದೊಂದು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದ. ಎರಡರ ಬುಸ್ ಅನ್ನೋ ಸದ್ದು ಒಂದೇ ಆಗೋವರೆಗೆ ಸ್ಕ್ರೂ ತಿರುಗಿಸಿದ. ಆಮೇಲೆ ಕೊಳವೆಯ ಫ್ಲ್ಯಾಂಜನ್ನ ಗಾಜಿನ ಮೇಲಿಟ್ಟು ಸಮ ಇದೆಯಾ ನೋಡಿದ. ಸೊಟ್ಟ ಇದ್ದರೆ ಫಿಲ್ಟರ್ ತಪ್ಪಿಸಿ ಸಂದಿನಿಂದಲೇ ಮಣ್ಣು ಹೋಗುತ್ತೆ. ಹೊಸ ಗ್ಯಾಸ್ಕೆಟ್ ಕತ್ತರಿಸಿ, ಎರಡೂ ಕಡೆಯ ಬೋಲ್ಟನ್ನ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದ. ಮಿಶ್ರಣದ ಕೊನೇ ಹದ ಡಬ್ಬಿ ಕೂತ ಮೇಲೆ. ಕೆಲಸದ ಮಧ್ಯೆ, ಮುಂದಿನ ಕಾಲದ ಮಿನಿ, ಎಂ.ಜಿ.ಬಿ.ಗಳ ಎಚ್‌ಎಸ್ ಎಸ್‌ಯುಗಳಲ್ಲಿ ಫ್ಲ್ಯಾಂಜಿನ ಮೇಲೆ ಪಿಸ್ಟನ್ ತಳಕ್ಕೆ ಗಾಳಿ ಹೋಗೋ ಸಣ್ಣ ತೂತುಗಳಿರ್ತವೆ, ಗ್ಯಾಸ್ಕೆಟ್ ತಲೆಕೆಳಗಾದರೆ ಅವು ಮುಚ್ಚಿಹೋಗಿ ಪಿಸ್ಟನ್ ಸರಿಯಾಗಿ ಏಳಲ್ಲ ಅಂತಲೂ ಹೇಳಿದ. ಮಿನಿ ಇಟ್ಟವರು ಯಾರಾದರೂ ಓದ್ತಿದ್ದರೆ ಗಮನಿಸಿ.

ಬಟ್ಟಲಿಗೆ ಎಣ್ಣೆ ಗುರುತಿನ ಗೆರೆವರೆಗೆ ಮಾತ್ರ ಹಾಕಬೇಕು, ಹೆಚ್ಚಾದರೆ ಎಂಜಿನ್ ಅದನ್ನೇ ಹೀರಿಕೊಂಡು ಹೊಗೆ ಕಾರುತ್ತೆ. ಎರಡು ತಿಂಗಳ ನಂತರ ಗೆಳೆಯ ಬಟ್ಟಲು ಬಿಚ್ಚಿ ಫೋಟೋ ಕಳಿಸಿದ. ತಳದಲ್ಲಿ ತೆಳ್ಳಗೆ ಕಂದು ಕೆಸರು. ಬೆಂಗಳೂರಿನ ಮಟ್ಟಿಗೆ ಪರವಾಗಿಲ್ಲ, ನಮ್ಮ ಕಡೆಯಾಗಿದ್ದರೆ ಬೆರಳಿನಷ್ಟಿರುತ್ತಿತ್ತು ಅಂತ ಉತ್ತರ ಬರೆದೆ. ಬಟ್ಟಲು ತೊಳೆದು ಹೊಸ ಎಣ್ಣೆ ಹಾಕಿದ್ದಾನೆ.