ಉಳಿದದ್ದನ್ನು ಉರುಳಿಸುವ ಎಸೆತ: ಗಡಿನಾಡಿನ ಗುರಿಯಾಟಗಳು ಮತ್ತು ಬೌಲಿಂಗ್‌ನ ಎರಡನೆಯ ಚೆಂಡು

ಗುರಿಯಿಟ್ಟು ಹೊಡೆಯುವ ಆಟಗಳ ಚರಿತ್ರೆಯನ್ನು ಬರೆದವರು ಆಟದ ನಿಯಮಗಳನ್ನೂ ಗೆದ್ದವರ ಹೆಸರುಗಳನ್ನೂ ಶ್ರದ್ಧೆಯಿಂದ ದಾಖಲಿಸಿದ್ದಾರೆ. ಆದರೆ ಆಟಗಾರನ ಕೈಯಲ್ಲಿದ್ದ ಚೆಂಡು ಯಾವ ವಸ್ತುವಿನದು, ಅದು ಯಾವ ನೆಲದ ಮೇಲೆ ಹೇಗೆ ವರ್ತಿಸುತ್ತಿತ್ತು ಎಂಬುದರ ಕಡೆಗೆ ಅವರ ಗಮನ ಹರಿದದ್ದು ಕಡಿಮೆ. ಹೊಡೆತದ ರೀತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಇವೆರಡೇ ಆಗಿರುವುದರಿಂದ, ಆಟಗಳ ಇತಿಹಾಸವನ್ನು ಚೆಂಡಿನ ಕಡೆಯಿಂದ ಬರೆಯಲು ಸಾಧ್ಯವಿದೆ. ರಾಯದುರ್ಗ ಮತ್ತು ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದ ಲಗೋರಿ ಮತ್ತು ಗೋಲಿಯನ್ನು, ಅಮೆರಿಕದಲ್ಲಿ ರೂಪ ಪಡೆದ ಟೆನ್‌ಪಿನ್ ಬೌಲಿಂಗ್ ಎಂಬ ಒಳಾಂಗಣ ಆಟದ ಪಕ್ಕದಲ್ಲಿಟ್ಟು ನೋಡಿದಾಗ ಈ ಮಾತು ಸ್ಪಷ್ಟವಾಗುತ್ತದೆ. ಮೊದಲ ಎಸೆತದಲ್ಲಿ ಬೀಳದೆ ಉಳಿದ ಪಿನ್ನುಗಳನ್ನು ಎರಡನೆಯ ಎಸೆತದಲ್ಲಿ ಬೀಳಿಸುವುದಕ್ಕೆ ಬೌಲಿಂಗ್‌ನಲ್ಲಿ 'ಸ್ಪೇರ್' ಎನ್ನುತ್ತಾರೆ. ಈ ಎರಡು ಲೋಕಗಳು ಪರಸ್ಪರ ಹತ್ತಿರ ಬರುವುದು ಆ ಎರಡನೆಯ ಎಸೆತದಲ್ಲಿಯೇ.

ರಾಯದುರ್ಗ ಮತ್ತು ಮಡಕಶಿರಾ ಎರಡೂ ಇಂದು ಆಂಧ್ರಪ್ರದೇಶದಲ್ಲಿದ್ದರೂ ಅಲ್ಲಿಗೆ ಸೇರಿದ ದಾರಿಗಳು ಬೇರೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಹೊಸ ಜಿಲ್ಲೆಯ ಪಾಲಾಯಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿದು, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. 2022ರ ಜಿಲ್ಲಾ ಮರುವಿಂಗಡಣೆಯಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದದ್ದು ತೀರ ಈಚಿನ ಬದಲಾವಣೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯ ಅಮರಾಪುರ ಮಂಡಲದಲ್ಲಿದೆ. ಅಲ್ಲಿಂದ ಹಿಡಿದು ಅಗಳಿ, ರೊಳ್ಳ, ಗುಡಿಬಂಡೆಗಳವರೆಗೂ, ಇತ್ತ ರಾಯದುರ್ಗದ ಸುತ್ತಲೂ ಕನ್ನಡ ಮನೆಮಾತಾಗಿರುವ ಊರುಗಳಿವೆ, ಕನ್ನಡ ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂಬ ಈ ಬದುಕಿನಲ್ಲಿ ಮಕ್ಕಳ ಆಟಗಳಿಗೂ ಎರಡೆರಡು ಹೆಸರು ಇರುವುದು ಸಹಜ: ಒಬ್ಬರು ಲಗೋರಿ ಎಂದು ಕರೆಯುವುದನ್ನೇ ಇನ್ನೊಬ್ಬರು ಏಡು ಪೆಂಕುಲಾಟ ಎನ್ನುತ್ತಾರೆ.

ಆಟದ ನೆಲದ ವಿಷಯವನ್ನು ಮೊದಲು ಗಮನಿಸಬೇಕು. ದೇಶದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿಗೆ ಸೇರಿದ ಅನಂತಪುರದಲ್ಲಿ ಶೇಂಗಾ, ರಾಗಿ, ಜೋಳಗಳ ಸುಗ್ಗಿ ಮುಗಿದ ಮೇಲೆ ಹೊಲ ಬರಿದಾಗಿ, ಊರ ಪಕ್ಕದ ಕಣಗಳು ಮಕ್ಕಳ ಪಾಲಿಗೆ ತೆರೆದುಕೊಳ್ಳುತ್ತಿದ್ದವು. ನೀರು ಚಿಮುಕಿಸಿ, ತುಳಿದು, ಸಗಣಿ ಸಾರಿಸಿ ಗಟ್ಟಿ ಮಾಡಿದ ಕಣದ ಮೇಲೆ ಗೋಲಿ ಬಿಟ್ಟಲ್ಲಿಂದ ನೇರವಾಗಿ ಉರುಳುತ್ತದೆ; ರಾಯದುರ್ಗದ ಈಶಾನ್ಯಕ್ಕೆ ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ವೇದಾವತಿಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು ಹರಡಿರುವ ಜಾಗದಲ್ಲಿ ಅದೇ ಗೋಲಿ ಎರಡು ಗೇಣು ಉರುಳಿ ನಿಂತುಬಿಡುತ್ತದೆ. ಆದ್ದರಿಂದ ಒಂದೇ ಸೀಮೆಯ ಎರಡು ಊರುಗಳ ಹುಡುಗರು ಒಂದೇ ಆಟವನ್ನು ಬೇರೆ ಬೇರೆ ಕೈಯಲ್ಲಿ ಆಡಬೇಕಾಗುತ್ತಿತ್ತು: ಗಟ್ಟಿ ನೆಲದವರು ಉರುಳಿಸಿ ತಾಗಿಸಿದರೆ, ಮರಳಿನವರು ಗೋಲಿಯನ್ನು ಗಾಳಿಯಲ್ಲಿ ಹಾರಿಸಿ ಎದುರಿನ ಗೋಲಿಯ ಮೇಲೆಯೇ ಇಳಿಸಬೇಕಿತ್ತು.

ಲಗೋರಿಯ ಸ್ವರೂಪ ಬಹುತೇಕ ಓದುಗರಿಗೆ ಗೊತ್ತಿರುವುದೇ. ಏಳು ಚಪ್ಪಟೆ ಕಲ್ಲುಗಳನ್ನೋ ಹೆಂಚಿನ ಚೂರುಗಳನ್ನೋ ದೊಡ್ಡದು ಕೆಳಗೆ, ಚಿಕ್ಕದು ಮೇಲೆ ಬರುವಂತೆ ಒಟ್ಟಿ, ಗೆರೆಯ ಹಿಂದೆ ನಿಂತು ಚೆಂಡಿನಿಂದ ಹೊಡೆಯಬೇಕು. ಸಾಮಾನ್ಯವಾಗಿ ಒಬ್ಬನಿಗೆ ಮೂರು ಅವಕಾಶ. ಕಲ್ಲು ಬಿದ್ದ ಮೇಲೆ ಹೊಡೆದ ತಂಡದವರೇ ಅದನ್ನು ಮತ್ತೆ ಜೋಡಿಸಬೇಕು, ಎದುರಾಳಿಗಳು ಅದೇ ಚೆಂಡಿನಿಂದ ಅವರ ಬೆನ್ನಿಗೆ ಹೊಡೆದು ಔಟ್ ಮಾಡಬೇಕು. ಗುಡ್ಡೆಯನ್ನು ಚದುರಿಸಿದವನೇ ಅದನ್ನು ಕಟ್ಟಬೇಕಾದ ಈ ನಿಯಮದಲ್ಲಿ ಆಟದ ಮರ್ಮವೆಲ್ಲ ಅಡಗಿದೆ. ಬಲವಾಗಿ ಬೀಸಿ ಏಳೂ ಕಲ್ಲುಗಳನ್ನು ದಿಕ್ಕುಪಾಲು ಮಾಡಿದವನು ನೋಡುವವರ ಚಪ್ಪಾಳೆಯನ್ನು ಪಡೆದರೂ ತನ್ನ ತಂಡವನ್ನು ಕಷ್ಟಕ್ಕೆ ದೂಡುತ್ತಾನೆ, ಏಕೆಂದರೆ ದೂರ ಚೆಲ್ಲಿದ ಪ್ರತಿಯೊಂದು ಕಲ್ಲಿಗೂ ಯಾರಾದರೊಬ್ಬರು ಬೆನ್ನು ಕೊಟ್ಟು ಓಡಬೇಕು. ಮೇಲಿನ ಎರಡು ಮೂರು ಕಲ್ಲುಗಳನ್ನು ಮಾತ್ರ ಸವರಿ ಪಕ್ಕಕ್ಕೆ ಜಾರಿಸಿದವನು ಅರ್ಧ ಆಟವನ್ನು ಆಗಲೇ ಗೆದ್ದಿರುತ್ತಾನೆ. ಬಲವನ್ನು ಬಿಟ್ಟುಕೊಟ್ಟು ಖಚಿತತೆಯನ್ನು ಪಡೆಯುವ ಈ ವಿವೇಕವೇ ಬೌಲಿಂಗ್‌ನಲ್ಲಿ ಸ್ಪೇರ್ ಹೊಡೆಯುವವನ ವಿವೇಕವೂ ಹೌದು, ಆದರೆ ಅಲ್ಲಿ ಅದು ನೆಲೆಯಾಗಲು ಬಹಳ ಕಾಲ ಹಿಡಿಯಿತು.

ಲಗೋರಿಯ ಚೆಂಡು ಮೊದಲು ಹಳೆಯ ಬಟ್ಟೆಯನ್ನು ಉಂಡೆಗಟ್ಟಿ ದಾರ ಸುತ್ತಿದ್ದು. ಸೈಕಲ್ಲುಗಳು ಹಳ್ಳಿಗೆ ಬಂದ ಮೇಲೆ ಹರಿದ ಟ್ಯೂಬನ್ನು ಬಳೆಗಳಂತೆ ಕತ್ತರಿಸಿ, ಆ ಬಳೆಗಳನ್ನು ಬಟ್ಟೆಯ ಉಂಡೆಯ ಮೇಲೆ ಒಂದರ ಮೇಲೊಂದು ಏರಿಸುವ ಪದ್ಧತಿ ಬಂತು. ಆಮೇಲೆ ರಬ್ಬರ್ ಚೆಂಡು, ಟೆನಿಸ್ ಚೆಂಡು ಬಂದವು. ಈ ಬದಲಾವಣೆಯಿಂದ ಆಟದ ಲಾಭನಷ್ಟಗಳೂ ಬದಲಾದವು. ಎಸೆದ ಚೆಂಡು ಕಲ್ಲಿಗೆ ತಾಗದೆ ಒಂದು ಪುಟ ಬಿದ್ದು ಎದುರಾಳಿಯ ಕೈಗೆ ಸಿಕ್ಕರೆ ಹೊಡೆಯುವವನು ಔಟಾಗುವ ನಿಯಮ ಹಲವು ಕಡೆ ಇದೆ. ಪುಟಿಯದ ಬಟ್ಟೆಯ ಚೆಂಡು ಆ ಅಪಾಯದಿಂದ ಅವನನ್ನು ಕಾಯುತ್ತಿತ್ತು, ಟೆನಿಸ್ ಚೆಂಡು ಕಾಯುವುದಿಲ್ಲ. ಒಂದೇ ಚೆಂಡು ಕಲ್ಲನ್ನೂ ಹೊಡೆಯಬೇಕು, ಓಡುವವರ ಬೆನ್ನನ್ನೂ ಹೊಡೆಯಬೇಕಾದ್ದರಿಂದ ಆಟದ ನಡುವೆ ಚೆಂಡನ್ನು ಬದಲಿಸುವ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ, ಬದಲಾಗಬೇಕಾದದ್ದು ಕೈ.

ಗೋಲಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಪ್ರತಿಯೊಬ್ಬನೂ ಹೊಡೆಯುವುದಕ್ಕೆಂದೇ ಒಂದು ಗೋಲಿಯನ್ನು ಬೇರೆ ಇಟ್ಟುಕೊಳ್ಳುತ್ತಾನೆ, ಅದನ್ನು ಪಣಕ್ಕೆ ಹಚ್ಚುವುದಿಲ್ಲ. ಗಾಜಿನ ಗೋಲಿ ಬರುವ ಮೊದಲು ಉಜ್ಜಿ ದುಂಡಗೆ ಮಾಡಿದ ಕಲ್ಲು, ಸುಟ್ಟ ಮಣ್ಣಿನ ಉಂಡೆ, ಬೇಲಿಯಲ್ಲಿ ಬೆಳೆಯುವ ಗಜ್ಜುಗದ ಬೂದುಬಣ್ಣದ ಗಟ್ಟಿ ಬೀಜ, ಇವು ಆಟದ ಸಾಮಗ್ರಿಯಾಗಿದ್ದವು. ಗಜ್ಜುಗ ನುಣುಪಾಗಿದ್ದರೂ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಉರುಳುತ್ತಾ ಒಂದು ಕಡೆಗೆ ವಾಲುತ್ತದೆ. ಹತ್ತಿರದ ಗುರಿಗೆ ಅದು ಸಾಕು, ದೂರದ್ದಕ್ಕೆ ನಂಬುವಂತಿಲ್ಲ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಸೋಡಾ ಬಾಟಲಿ ಈ ಪರಿಸ್ಥಿತಿಯನ್ನು ಅನಿರೀಕ್ಷಿತವಾಗಿ ಬದಲಿಸಿತು. ಆ ಬಾಟಲಿಯ ಕತ್ತಿನಲ್ಲಿರುವ ಗಾಜಿನ ಗೋಲಿ ಒಳಗಿನ ಅನಿಲದ ಒತ್ತಡದಿಂದ ಮೇಲೆದ್ದು ರಬ್ಬರ್ ಉಂಗುರಕ್ಕೆ ಒತ್ತಿಕೊಂಡು ಬಾಯಿ ಮುಚ್ಚುತ್ತದೆ. ಎಲ್ಲಿಯೂ ಸಂದು ಉಳಿಯಬಾರದಾದ್ದರಿಂದ ಅದು ಚೆನ್ನಾಗಿ ದುಂಡಗಿರಲೇಬೇಕು. ಗೋಲಿ ಸೋಡಾ ನಮ್ಮ ಪೇಟೆಗಳಿಗೆ ಬಂದ ಮೇಲೆ, ಒಡೆದ ಬಾಟಲಿಯಿಂದ ಸಿಕ್ಕ ಆ ಗೋಲಿ ಹುಡುಗರ ಜೇಬಿನ ಅತ್ಯಂತ ಬೆಲೆಯ ವಸ್ತುವಾದದ್ದು ಅದರ ಹೊಳಪಿಗಿಂತ ಹೆಚ್ಚಾಗಿ ಅದರ ದುಂಡುತನದಿಂದ. ಹೆಬ್ಬೆರಳನ್ನು ನೆಲಕ್ಕೆ ಊರಿ, ನಡುಬೆರಳ ತುದಿಗೆ ಗೋಲಿ ಇಟ್ಟು, ಇನ್ನೊಂದು ಕೈಯಿಂದ ಆ ಬೆರಳನ್ನು ಹಿಂದಕ್ಕೆ ಬಗ್ಗಿಸಿ ಬಿಡುವ ಹೊಡೆತದಲ್ಲಿ ತಪ್ಪು ಯಾರದೆಂಬ ಪ್ರಶ್ನೆಗೆ ಅಂದಿನಿಂದ ಉತ್ತರ ಒಂದೇ ಆಯಿತು: ಗೋಲಿಯದಲ್ಲ, ಬೆರಳಿನದು.

ಟೆನ್‌ಪಿನ್ ಬೌಲಿಂಗ್‌ನ ಮೂಲ ಯುರೋಪಿನ, ವಿಶೇಷವಾಗಿ ಜರ್ಮನರ, ಒಂಬತ್ತು ಪಿನ್ನಿನ ಆಟದಲ್ಲಿದೆ. ವಲಸಿಗರ ಜೊತೆ ಅಮೆರಿಕಕ್ಕೆ ಹೋದ ಆ ಆಟ ಜೂಜಿಗೆ ಎಡೆಮಾಡಿತೆಂದು 1841ರಲ್ಲಿ ಕನೆಕ್ಟಿಕಟ್ ರಾಜ್ಯ ಅದನ್ನು ನಿಷೇಧಿಸಿತು. ಕಾನೂನನ್ನು ತಪ್ಪಿಸಲು ಹತ್ತನೆಯ ಪಿನ್ ಸೇರಿಸಿದರೆಂಬ ಕತೆ ಜನಪ್ರಿಯವಾಗಿದ್ದರೂ ಅದು ಇತಿಹಾಸಕ್ಕಿಂತ ಚಾಟುಕತೆಗೆ ಹತ್ತಿರ. 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪನೆಯಾದ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಅಳತೆಗಳನ್ನು ಸ್ಥಿರಪಡಿಸಿತು. ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಚೆಂಡು ಉರುಳುವ ಹಾದಿಯ, ಅಂದರೆ ಲೇನಿನ, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಚೆಂಡಿನ ತೂಕ 16 ಪೌಂಡ್, ಅಂದರೆ 7.26 ಕಿಲೋ, ಮೀರಬಾರದು. ಹತ್ತು ಪಿನ್ನುಗಳು ತ್ರಿಕೋನಾಕಾರವಾಗಿ ನಿಲ್ಲುತ್ತವೆ: ಮುಂದೆ 1, ಕೊನೆಯ ಸಾಲಿನ ಎಡತುದಿಗೆ 7, ಬಲತುದಿಗೆ 10.

ಸ್ಪೇರಿನ ಬೆಲೆ ಗೊತ್ತಾಗುವುದು ಲೆಕ್ಕದಲ್ಲಿ. ಆಟದಲ್ಲಿ ಹತ್ತು ಸರದಿ, ಪ್ರತಿ ಸರದಿಗೆ ಎರಡು ಎಸೆತ. ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ಅದು 'ಸ್ಟ್ರೈಕ್'. ಸ್ಪೇರ್ ಆದರೆ ಹತ್ತು ಅಂಕಗಳ ಜೊತೆಗೆ ಮುಂದಿನ ಎಸೆತದ ಅಂಕವೂ ಸೇರುತ್ತದೆ. ಪ್ರತಿ ಸರದಿಯಲ್ಲೂ ಮೊದಲು ಒಂಬತ್ತು ಬೀಳಿಸಿ ಉಳಿದ ಒಂದನ್ನು ತಪ್ಪಿಸಿಕೊಂಡವನಿಗೆ 90 ಅಂಕ. ಆ ಒಂದನ್ನೂ ಪ್ರತಿಸಲ ಬೀಳಿಸಿ, ಕೊನೆಯಲ್ಲಿ ಸಿಗುವ ಹೆಚ್ಚುವರಿ ಎಸೆತದಲ್ಲೂ ಒಂಬತ್ತು ಬೀಳಿಸಿದವನಿಗೆ ಒಂದೂ ಸ್ಟ್ರೈಕ್ ಇಲ್ಲದೆ 190. ಹತ್ತು ಪಿನ್ನುಗಳು ನೂರು ಅಂಕ ತರುವ ಈ ಲೆಕ್ಕವನ್ನು ಬಲ್ಲವರು ಸ್ಟ್ರೈಕಿನ ಮೋಹಕ್ಕೆ ಬೀಳುವುದು ಆಶ್ಚರ್ಯದ ಸಂಗತಿಯಾದರೂ, ಬಿದ್ದದ್ದು ನಿಜ. ಚೆಂಡಿನ ಚರಿತ್ರೆ ಅದಕ್ಕೆ ಸಾಕ್ಷಿ.

ಮೊದಲ ಚೆಂಡುಗಳು ಲಿಗ್ನಮ್ ವೈಟೆ ಎಂಬ ಅತಿ ಗಟ್ಟಿ ಮರದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಗಟ್ಟಿ ರಬ್ಬರಿನ ಚೆಂಡುಗಳು ಬಂದವು, 1960ರ ದಶಕದ ಹೊತ್ತಿಗೆ ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನವು ಹರಡತೊಡಗಿದವು. ಮರದ ಲೇನು ಸವೆಯದಿರಲೆಂದು ಅದರ ಮುಂಭಾಗಕ್ಕೆ ಎಣ್ಣೆ ಹಚ್ಚುವುದು ರೂಢಿ. ಎಣ್ಣೆಯ ಮೇಲೆ ಜಾರಿಹೋದ ಚೆಂಡು ಕೊನೆಯ ಒಣ ಭಾಗದಲ್ಲಿ ಹಿಡಿತ ಸಿಕ್ಕಾಗ ಪಕ್ಕಕ್ಕೆ ತಿರುಗುತ್ತದೆ, ಬಲಗೈಯವನ ಚೆಂಡು ಹಾಗೆ ಎಡಕ್ಕೆ ತಿರುಗಿ 1 ಮತ್ತು 3ರ ನಡುವೆ ಓರೆಯಾಗಿ ನುಗ್ಗಿದರೆ ಸ್ಟ್ರೈಕಿನ ಸಾಧ್ಯತೆ ಹೆಚ್ಚು. ಈ ತಿರುವನ್ನು ಹೆಚ್ಚಿಸುವ ಹಂಬಲದಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಹಾಕಿ ಅದರ ಹೊರಮೈಯನ್ನು ಮೆದುಮಾಡಿ, 1973ರಲ್ಲಿ ವರ್ಷದ ಶ್ರೇಷ್ಠ ಆಟಗಾರನೆನಿಸಿಕೊಂಡ; ಆಮೇಲೆ ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿಯನ್ನು ಗೊತ್ತುಪಡಿಸಬೇಕಾಯಿತು. 1980ರ ದಶಕದ ಆರಂಭದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಎಂಬ ಇನ್ನೂ ಹೆಚ್ಚು ಹಿಡಿತದ ಹೊರಮೈ ಬಂದವು.

ಇಲ್ಲಿ ಒಂದು ಹಳೆಯ ವಸ್ತು ಹೊಸ ಕೆಲಸಕ್ಕೆ ಮರಳಿ ಬಂತು. ರೆಸಿನ್ ಚೆಂಡು ಎಷ್ಟು ತಿರುಗುತ್ತದೆ ಎಂಬುದು ಎಣ್ಣೆಯನ್ನು ಅವಲಂಬಿಸಿದ್ದು, ಆಟ ಸಾಗಿದಂತೆ ಎಣ್ಣೆ ಸವೆದು ಜಾಗ ಬದಲಿಸುವುದರಿಂದ, ಒಂಟಿಯಾಗಿ ಉಳಿದ ಪಿನ್ನಿಗೆ ಅದನ್ನು ಎಸೆಯುವುದು ಅನಿಶ್ಚಿತದ ಮೇಲೆ ಪಣ ಕಟ್ಟಿದಂತೆ. ನುಣುಪಾದ, ಗಟ್ಟಿಯಾದ ಪ್ಲಾಸ್ಟಿಕ್ ಚೆಂಡಾದರೋ ಎಣ್ಣೆಯನ್ನೂ ಒಣ ಹಲಗೆಯನ್ನೂ ಹೆಚ್ಚುಕಡಿಮೆ ಒಂದೇ ರೀತಿ ದಾಟಿ ನೇರವಾಗಿ ಹೋಗುತ್ತದೆ. ಒಂದು ಕಾಲಕ್ಕೆ ಸ್ಟ್ರೈಕಿಗೆಂದೇ ಬಳಸುತ್ತಿದ್ದ ಚೆಂಡು ಹೀಗೆ 'ಸ್ಪೇರ್ ಚೆಂಡು' ಎಂಬ ಹೆಸರಿನಿಂದ ಎರಡನೆಯ ಎಸೆತಕ್ಕೆ ಮೀಸಲಾಯಿತು.

ಅದನ್ನು ಬಳಸುವ ಕ್ರಮವೂ ಜೊತೆಗೇ ಬೆಳೆಯಿತು. ಚೆಂಡು ಬಿಡುವ ಗಳಿಗೆಯಲ್ಲಿ ಮಣಿಕಟ್ಟನ್ನು ತಿರುಗಿಸದೆ, ಅಂಗೈಯನ್ನು ಗುರಿಯತ್ತಲೇ ಇಟ್ಟು, ಬಲಗಡೆಯ ಪಿನ್ನಿಗೆ ಎಡಗಡೆಯಿಂದಲೂ ಎಡಗಡೆಯದಕ್ಕೆ ಬಲಗಡೆಯಿಂದಲೂ ಲೇನನ್ನು ಓರೆಯಾಗಿ ದಾಟಿಸಬೇಕು. ಲೇನಿನ 39 ಹಲಗೆಪಟ್ಟಿಗಳನ್ನೇ ಅಳತೆಗೋಲಾಗಿಟ್ಟುಕೊಂಡು, ನೋಡುವ ಗುರುತನ್ನು ಬದಲಿಸದೆ, ಪಿನ್ ನಡುವಿನಿಂದ ಒಂದು ಸ್ಥಾನ ಸರಿದರೆ ನಿಲ್ಲುವ ಜಾಗವನ್ನು ಎದುರು ದಿಕ್ಕಿಗೆ ಮೂರು ಪಟ್ಟಿ, ಎರಡಕ್ಕೆ ಆರು, ಮೂರಕ್ಕೆ ಒಂಬತ್ತು ಸರಿಸುವ '3-6-9' ಪದ್ಧತಿಯನ್ನು ಹೊಸಬರಿಗೆ ಕಲಿಸುತ್ತಾರೆ. ಅಂಚಿನ ಪಿನ್ನುಗಳು ಕಷ್ಟವಾಗುವುದಕ್ಕೆ ಜ್ಯಾಮಿತಿಯ ಕಾರಣವಿದೆ: ಸುಮಾರು 21.6 ಸೆಂಟಿಮೀಟರ್ ವ್ಯಾಸದ ಚೆಂಡು 12 ಸೆಂಟಿಮೀಟರ್ ದಪ್ಪದ ಪಿನ್ನಿಗೆ ತಾಗಲು ನಡುವಿನಲ್ಲಿ 34 ಸೆಂಟಿಮೀಟರಿನಷ್ಟು ಅವಕಾಶವಿದ್ದರೆ, ತುದಿಯ 7 ಮತ್ತು 10ರ ಬಳಿ ಪಕ್ಕದ ಗಟಾರ ಅದರಲ್ಲಿ ಹತ್ತು ಸೆಂಟಿಮೀಟರನ್ನು ನುಂಗಿಬಿಡುತ್ತದೆ. ಪ್ಲಾಸ್ಟಿಕ್ ಚೆಂಡೇ ಎಲ್ಲಕ್ಕೂ ಮದ್ದು ಎಂದು ಹೇಳಲಾಗದು. 2ರ ಬೆನ್ನಿಗೇ 8 ಅಡಗಿ ನಿಂತಾಗ ಮುಂದಿನದಕ್ಕೆ ತಾಗಿ ಪಕ್ಕಕ್ಕೆ ಸಿಡಿಯದೆ ಒಳನುಗ್ಗುವ ಚೆಂಡು ಬೇಕಾಗುವುದರಿಂದ, ಸ್ಟ್ರೈಕಿನ ಚೆಂಡನ್ನೇ ಹಿಡಿಯುವ ಅನುಭವಿಗಳಿದ್ದಾರೆ, ಅವರ ಆಯ್ಕೆ ತಪ್ಪಲ್ಲ.

1978ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದ ಈ ಆಟ ಬೆಂಗಳೂರಿನಲ್ಲಿಯೂ ನೆಲೆಯೂರಿದ್ದು, ಚರ್ಚ್ ಸ್ಟ್ರೀಟಿನ ಅಮೀಬಾದ ಲೇನುಗಳಲ್ಲಿ ರಾಷ್ಟ್ರಮಟ್ಟದ ಪಂದ್ಯಗಳು ನಡೆದಿವೆ. ಹಿಂದೂಪುರ, ಗೌರಿಬಿದನೂರುಗಳ ದಾರಿಯಲ್ಲಿ ಕೆಲಸಕ್ಕೋ ಓದಿಗೋ ಬೆಂಗಳೂರು ಸೇರುವ ಮಡಕಶಿರಾ ಕಡೆಯ ಯುವಕರು ಅಲ್ಲಿ ಹಿಡಿಯುವುದು ಲೇನಿನ ಬದಿಯ ಕಪಾಟಿನಲ್ಲಿ ಜೋಡಿಸಿಟ್ಟ ಚೆಂಡುಗಳನ್ನು. ಅವುಗಳಲ್ಲಿ ಬಹುಪಾಲು ಪಾಲಿಯೆಸ್ಟರಿನವು. ವೃತ್ತಿಪರರು ಎರಡನೆಯ ಎಸೆತಕ್ಕೆಂದು ಚೀಲದಲ್ಲಿ ಬೇರೆ ಹೊತ್ತು ತರುವ ಚೆಂಡಿನ ಜಾತಿಯವೇ ಅವು. ಬೆರಳಿಗೆ ಹೊಂದುವ ತೂತು, ತೋಳಿಗೆ ಭಾರವಾಗದ ತೂಕ, ಇವೆರಡನ್ನು ನೋಡಿ ಆರಿಸಿಕೊಂಡರೆ ಸ್ಪೇರಿಗೆ ಬೇರೆ ಚೆಂಡನ್ನು ಹುಡುಕಬೇಕಾಗಿಲ್ಲ.