ಬಾಯಿಪಾಠವೂ ಮರಳಬರಹವೂ



ಕೇಳಿ ಕಲಿಯುವುದು ಒಂದು, ಮಾಡಿ ಕಲಿಯುವುದು ಇನ್ನೊಂದು. ಇವೆರಡೂ ಒಂದೇ ಸೂರಿನಡಿ ನಡೆದುಬಂದುದಕ್ಕೆ ಬಳ್ಳಾರಿ ಜಿಲ್ಲೆಯ ಇತಿಹಾಸವೇ ಸಾಕ್ಷಿ. ಅಲ್ಲಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ಲರು 1823ರ ಆಗಸ್ಟಿನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯನ್ನು ನೋಡಿರಿ. ಆಗ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ವಿದ್ಯಾರ್ಥಿಗಳು ಒಟ್ಟು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಎಳೆಯರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದುವರಿದ ಬಾಲಕರು ಕಿರಿಯರಿಗೆ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ಲರು ಮೆಚ್ಚಿ ಬರೆದರು. ದೇಶೀಯ ಶಾಲೆಯ ಮರಳಬರಹವನ್ನು ಕಂಡು, ಮದರಾಸಿನ ಅನಾಥ ಬಾಲಕರ ಶಾಲೆಯಲ್ಲಿ ಈ ಕ್ರಮವನ್ನು ಪ್ರಯೋಗಿಸಿದ ಆಂಡ್ರ್ಯೂ ಬೆಲ್ಲರು 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಪ್ರಕಟಿಸಿದ್ದರು.

ಆದರೆ ಅದೇ ವರದಿಗೆ ಇನ್ನೊಂದು ಮುಖವೂ ಉಂಟು. ಆಡುನುಡಿಗಿಂತ ಭಿನ್ನವಾದ ಕಾವ್ಯಭಾಷೆಯ ಪದ್ಯಗಳನ್ನು ಮಕ್ಕಳು ಸರಾಗವಾಗಿ ಒಪ್ಪಿಸುತ್ತಿದ್ದರು. ಅರ್ಥವನ್ನು ಮಾತ್ರ ಗಿಳಿಗಿಂತ ಹೆಚ್ಚಾಗಿ ಅರಿತಿರಲಿಲ್ಲ. ಅದನ್ನು ಬಿಡಿಸಿ ಹೇಳಬಲ್ಲ ಉಪಾಧ್ಯಾಯರೂ ವಿರಳವಾಗಿದ್ದರು.

ಹಾಗೆಂದು ಬಾಯಿಪಾಠವನ್ನು ಹಳಿಯಲಾಗದು. ಗ್ರಂಥಗಳು ದುರ್ಲಭವಾಗಿದ್ದ ಕಾಲದಲ್ಲಿ ನಾಲಗೆಯೇ ಭಂಡಾರವಾಗಿತ್ತು. ಬಾಲಕನನ್ನು ಅಲ್ಲಿಗೇ ನಿಲ್ಲಿಸಿದುದು ಲೋಪ. ಅಕ್ಷರ ತಿದ್ದುವಾಗ ಕೈ ದುಡಿಯಿತು, ಕಿರಿಯನಿಗೆ ಹೇಳಿಕೊಡುವಾಗ ಬುದ್ಧಿ ದುಡಿಯಿತು. ಪದ್ಯ ಒಪ್ಪಿಸುವಾಗ ನಾಲಗೆಯೊಂದೇ ದುಡಿಯಿತು.

ನಿಮ್ಮ ಮನೆಯ ಮಗು ಪಾಠವೊಪ್ಪಿಸಿದಾಗ ತಲೆದೂಗಿ ಸುಮ್ಮನಾಗಬೇಡಿರಿ. ಅದನ್ನೇ ತಮ್ಮನಿಗೋ ತಂಗಿಗೋ ತನ್ನ ಮಾತಿನಲ್ಲಿ ತಿಳಿಸಿಕೊಡಲು ಹೇಳಿರಿ. ಮಗು ತಡವರಿಸಿದ ಕಡೆಯಿಂದಲೇ ನಿಜವಾದ ಕಲಿಕೆ ಮೊದಲಾಗುವುದು.