ಗಿಳಿಪಾಠದಿಂದ ಅರ್ಥದೆಡೆಗೆ: ಕನ್ನಡ ಓದುಬೋಧನೆಯ ಚರಿತ್ರೆ ಮತ್ತು ದಕ್ಷಿಣ ಬೆಂಗಳೂರು

ಅಕ್ಷರವನ್ನು ಕಲಿಸುವುದಕ್ಕೂ ಓದಿದ್ದನ್ನು ಗ್ರಹಿಸಲು ಕಲಿಸುವುದಕ್ಕೂ ಇರುವ ಅಂತರ ಕನ್ನಡನಾಡಿನ ಶಿಕ್ಷಣ ಚರಿತ್ರೆಯಲ್ಲಿ ಬಹು ಹಿಂದೆಯೇ ದಾಖಲಾಗಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರ ಜೂನ್ 25ರಂದು ದೇಶೀಯ ಶಾಲೆಗಳ ಸ್ಥಿತಿಗತಿಯ ಬಗ್ಗೆ ಜಿಲ್ಲಾಧಿಕಾರಿಗಳಿಂದ ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಕಳುಹಿಸಿದ ಉತ್ತರ ಅವುಗಳಲ್ಲಿ ಹೆಚ್ಚು ವಿವರವುಳ್ಳದ್ದು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6641 ವಿದ್ಯಾರ್ಥಿಗಳಿದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು ಶಾಲೆಗಳು. ಇಂಗ್ಲಿಷಿಗೆ ಇದ್ದುದು ಒಂದೇ ಒಂದು.

ಆ ಶಾಲೆಗಳ ದಿನಚರಿಯನ್ನು ಕ್ಯಾಂಬೆಲ್ ಕುತೂಹಲದಿಂದ ಬಣ್ಣಿಸಿದ್ದಾನೆ. ಬೆಳಗಿನ ಆರಕ್ಕೆ ಶಾಲೆ ಆರಂಭ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಹೊಗಳಿಕೆಯೂ ತೆಗಳಿಕೆಯೂ ಇಲ್ಲವೆಂಬುದಕ್ಕೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏಟುಗಳ ಲೆಕ್ಕ. ಅಕ್ಷರಾಭ್ಯಾಸ ನಡೆಯುತ್ತಿದ್ದುದು ಮರಳಿನ ಮೇಲೆ, ಬೆರಳಿನಿಂದ. ಮುಂದಿನ ಹಂತದ ಹುಡುಗರು ಹಿಂದಿನವರಿಗೆ ಪಾಠ ಹೇಳುವ ಪದ್ಧತಿ ಅವನಿಗೆ ಮೆಚ್ಚುಗೆಯಾಗಿತ್ತು. ಮೆಚ್ಚುಗೆಯಾಗದಿದ್ದುದು ಓದಿನ ವಸ್ತು. ರಾಮಾಯಣ, ಮಹಾಭಾರತ, ಭಾಗವತಗಳ ಜೊತೆಗೆ ಲಿಂಗಾಯತ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವೇಶ್ವರ ಪುರಾಣ ಮುಂತಾದವನ್ನು ಓದುತ್ತಿದ್ದರು. ಇವೆಲ್ಲವೂ ಆಡುಮಾತಿಗಿಂತ ಭಿನ್ನವಾದ ಪದ್ಯಭಾಷೆಯಲ್ಲಿದ್ದವು. ಮಕ್ಕಳು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲರು, ಆದರೆ ಅರ್ಥದ ವಿಷಯದಲ್ಲಿ ಅವರಿಗೂ ಮಾತು ಕಲಿತ ಗಿಳಿಗೂ ವ್ಯತ್ಯಾಸವಿಲ್ಲವೆಂಬುದು ಅವನ ಆಕ್ಷೇಪ.

ಇದು ಹೊರಗಿನವನ ಕಣ್ಣಿನ ತೀರ್ಪು ಎಂಬುದನ್ನು ಮರೆಯಲಾಗದು. ಗಿರಿಜಾಕಲ್ಯಾಣದ ಭಾಷೆ ಬಾಯಿಗೆ ಒಗ್ಗಿದ ಹುಡುಗನಿಗೆ ಅದರ ಅರ್ಥ ಶಾಲೆಯಲ್ಲೇ ತಿಳಿಯಬೇಕೆಂದಿರಲಿಲ್ಲ. ಮಠದ ಪುರಾಣಪ್ರವಚನದಲ್ಲಿ, ಊರ ಗುಡಿಯ ಕಾವ್ಯವಾಚನದಲ್ಲಿ ಅದು ಮುಂದೆ ಬಿಡಿಸಿಕೊಳ್ಳುತ್ತಿತ್ತು. ಆದರೂ ಆಕ್ಷೇಪದ ತಿರುಳು ಸುಳ್ಳಲ್ಲ. ಅರ್ಥವನ್ನು ಬಿಡಿಸುವ ವಿದ್ಯೆ ಕನ್ನಡ ಸಮಾಜದಲ್ಲಿತ್ತು. ಅದು ಕಲಿಯುವ ಹುಡುಗನ ಕೈಯಲ್ಲಿರಲಿಲ್ಲ.

ಆ ವಿದ್ಯೆ ಎಷ್ಟು ಸೂಕ್ಷ್ಮವಾದದ್ದೆಂಬುದನ್ನು ಗಮನಿಸಬೇಕು. ಶಾಸ್ತ್ರಪರಂಪರೆ ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಹೇಳುತ್ತದೆ: ಕೂಡಿಕೊಂಡ ಪದಗಳನ್ನು ಬಿಡಿಸುವ ಪದಚ್ಛೇದ, ಪದಗಳ ಅರ್ಥವನ್ನು ಹೇಳುವುದು, ಸಮಾಸಗಳ ವಿಗ್ರಹ, ಪದಗಳನ್ನು ಅನ್ವಯಕ್ಕೆ ತಂದು ವಾಕ್ಯವಾಗಿ ಜೋಡಿಸುವುದು, ಕೊನೆಯದಾಗಿ ಆಕ್ಷೇಪಗಳನ್ನೆತ್ತಿ ಸಮಾಧಾನ ಹೇಳುವುದು. ಗಮಕಿಯು ಪದ್ಯವನ್ನು ವಾಚಿಸಿ, ವ್ಯಾಖ್ಯಾನಕಾರನು ಅದನ್ನು ವಿವರಿಸುವ ಕನ್ನಡದ ಕಾವ್ಯವಾಚನ ಪದ್ಧತಿಯಲ್ಲಿ ಈ ಐದೂ ಸಭೆಯ ಮುಂದೆಯೇ ನಡೆಯುತ್ತವೆ. ಐದನೆಯ ಲಕ್ಷಣ ವಿಶೇಷವಾದದ್ದು. ಪಠ್ಯಕ್ಕೆ ಪ್ರಶ್ನೆ ಹಾಕದೆ ವ್ಯಾಖ್ಯಾನ ಪೂರ್ಣವಾಗದೆಂಬ ತಿಳಿವಳಿಕೆ ಅದರಲ್ಲಿದೆ. ಶಾಲೆಯು ಕಾಲಕ್ರಮದಲ್ಲಿ ಈ ಪರಂಪರೆಯಿಂದ ಪದಾರ್ಥವನ್ನು ಉಳಿಸಿಕೊಂಡು ಆಕ್ಷೇಪವನ್ನು ಕೈಬಿಟ್ಟಿತು ಎನ್ನಬಹುದು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಏರ್ಪಟ್ಟು, 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಜಾರಿಗೆ ಬಂದ ಮೇಲೆ, ಮುದ್ರಿತ ಗದ್ಯಪಾಠ ಓಲೆಗರಿ ಕಡತಗಳ ಸ್ಥಾನವನ್ನು ಕ್ರಮೇಣ ಆಕ್ರಮಿಸಿತು. ಭಾಷೆ ತಿಳಿಯಾಯಿತು. ಬೋಧನೆಯ ರೀತಿ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

ದಕ್ಷಿಣ ಬೆಂಗಳೂರು ಈ ಚರಿತ್ರೆಯೊಳಗೆ ಬರುವುದು ಸ್ವಾತಂತ್ರ್ಯಾನಂತರ. ಜಯನಗರಕ್ಕೆ 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಅಡಿಗಲ್ಲು ಬಿತ್ತು. ಬಡಾವಣೆ ಇನ್ನೂ ಬೆಳೆಯುತ್ತಿದ್ದಾಗಲೇ, 1954ರಲ್ಲಿ, ರಾಷ್ಟ್ರೀಯ ಶಿಕ್ಷಣ ಸಮಿತಿಯ ಆಶ್ರಯದಲ್ಲಿ ಆರ್. ವಿ. ಶಿಕ್ಷಕರ ಮಹಾವಿದ್ಯಾಲಯ ಸ್ಥಾಪನೆಯಾಯಿತು. ಪಕ್ಕದ ಬಸವನಗುಡಿಯಲ್ಲಿ ಡಿ. ವಿ. ಗುಂಡಪ್ಪನವರು 1945ರಲ್ಲಿ ಆರಂಭಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನ ಗೋಷ್ಠಿಗಳಲ್ಲಿ ಕೂಡಿ ಓದಿ ಚರ್ಚಿಸುವ ಪದ್ಧತಿ ವಯಸ್ಕರ ನಡುವೆ ರೂಢಿಯಲ್ಲಿತ್ತು. ಒಂದೆರಡು ಮೈಲಿಗಳ ಅಂತರದಲ್ಲಿ ಒಂದೆಡೆ ಪ್ರಶ್ನಿಸುತ್ತ ಓದುವ ಹಿರಿಯರ ಗೋಷ್ಠಿ, ಇನ್ನೊಂದೆಡೆ ಪಾಠ ಹೇಳುವ ಕ್ರಮವನ್ನು ಕಲಿಯುವ ಭಾವೀ ಶಿಕ್ಷಕರು! ಎರಡರ ನಡುವೆ ಇನ್ನಷ್ಟು ಕೊಡುಕೊಳ್ಳುವಿಕೆ ನಡೆದಿದ್ದರೆ ಚೆನ್ನಾಗಿತ್ತು.

ನಾಡಿನ ಶಿಕ್ಷಕರ ತರಬೇತಿಯಲ್ಲಿ ಬೇರೂರಿದ ಗದ್ಯಪಾಠದ ಕ್ರಮ ಎಲ್ಲರಿಗೂ ಪರಿಚಿತ: ಪೀಠಿಕೆ, ಶಿಕ್ಷಕರ ಆದರ್ಶ ವಾಚನ, ಮಕ್ಕಳ ಅನುಕರಣ ವಾಚನ, ಕಠಿಣ ಪದಗಳ ಅರ್ಥ, ಮೌನವಾಚನ, ಪ್ರಶ್ನೋತ್ತರ, ಮನೆಗೆಲಸ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಪದದ ಅರ್ಥವನ್ನು ಹೇಳುವವರು ಶಿಕ್ಷಕರು, ಪ್ರಶ್ನೆ ಕೇಳುವವರೂ ಶಿಕ್ಷಕರು. ಮೌನವಾಚನದ ಐದು ನಿಮಿಷಗಳಲ್ಲಿ ಮಗುವಿನ ಮನಸ್ಸು ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಪಾಠದ ಕೊನೆಯ ಅಭ್ಯಾಸಗಳೂ, ಒಂದು ವಾಕ್ಯದ ಉತ್ತರದಿಂದ ಸಂದರ್ಭ ಸಹಿತ ಸ್ವಾರಸ್ಯದವರೆಗೆ, ಗ್ರಹಿಕೆಯನ್ನು ಪರೀಕ್ಷಿಸುತ್ತವೆಯೇ ಹೊರತು ಕಲಿಸುವುದಿಲ್ಲ. ಎಷ್ಟೋ ಸಲ ಪರೀಕ್ಷಿಸುವುದೂ ಇಲ್ಲ.

ಈ ಮಾತಿಗೆ ಒಂದು ಕಲ್ಪಿತ ವಾಕ್ಯವನ್ನೇ ಉದಾಹರಣೆಯಾಗಿ ನೋಡಬಹುದು: "ಮಲ್ಲೂರಿನ ದಿಮ್ಮನು ಸಂಜಿಕೆಯಲ್ಲಿ ಕೊಬ್ಬಳನ್ನು ಹೊರಿಸಿದನು." ದಿಮ್ಮನು ಎಲ್ಲಿಯವನು? ಮಲ್ಲೂರಿನವನು. ಏನನ್ನು ಹೊರಿಸಿದನು? ಕೊಬ್ಬಳನ್ನು. ಎಲ್ಲಿ ಹೊರಿಸಿದನು? ಸಂಜಿಕೆಯಲ್ಲಿ. ಮೂರಕ್ಕೂ ಪೂರ್ಣಾಂಕ! ದಿಮ್ಮನೆಂದರೆ ಯಾರು, ಕೊಬ್ಬಳೆಂದರೆ ಏನು ಎಂಬುದು ಉತ್ತರ ಬರೆದವನಿಗೂ ತಿಳಿಯದು, ಅಂಕ ಕೊಟ್ಟವರಿಗೂ ತಿಳಿಯದು. ಕನ್ನಡದ ವಿಭಕ್ತಿಪ್ರತ್ಯಯಗಳು ಅಷ್ಟು ಸ್ಪಷ್ಟವಾಗಿರುವುದರಿಂದ, ಅವುಗಳ ಬಲದ ಮೇಲೆಯೇ ಅರ್ಥವಿಲ್ಲದ ಉತ್ತರ ಸಿದ್ಧವಾಗುತ್ತದೆ. ಇದಕ್ಕೆ ಬದಲು "ದಿಮ್ಮನು ಹೀಗೇಕೆ ಮಾಡಿದನು?" ಎಂದು ಕೇಳಿದೊಡನೆ ಓದುಗನು ನಿಲ್ಲಬೇಕಾಗುತ್ತದೆ. ಮಾರುಕಟ್ಟೆಯ ಗೈಡುಗಳು ಉಳಿದುಕೊಂಡು ಬಂದಿರುವುದು ಮೊದಲ ಬಗೆಯ ಪ್ರಶ್ನೆಗಳ ಆಶ್ರಯದಲ್ಲಿ. ಎಸ್.ಎಸ್.ಎಲ್.ಸಿ. ಪ್ರಥಮ ಭಾಷೆಯ ಪ್ರಶ್ನಪತ್ರಿಕೆಯಲ್ಲಿ ಹಿಂದೆ ಓದಿರದ ಗದ್ಯಭಾಗವನ್ನು ಕೊಟ್ಟು ಪ್ರಶ್ನೆ ಕೇಳುವ ರೂಢಿಯಿದ್ದರೂ, ಅದಕ್ಕೆ ಮೀಸಲಾದ ಅಂಕ ಅತ್ಯಲ್ಪ.

ಇದು ಕನ್ನಡಕ್ಕೆ ಮಾತ್ರ ಅಂಟಿದ ದೋಷವಲ್ಲ. ಅಮೆರಿಕದ ಡೊಲೊರೆಸ್ ಡರ್ಕಿನ್ 1978–79ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ನಾಲ್ಕನೆಯ ತರಗತಿಗಳಲ್ಲಿ 4469 ನಿಮಿಷಗಳ ಓದಿನ ಪಾಠವನ್ನು ವೀಕ್ಷಿಸಿದಾಗ, ಅರ್ಥಗ್ರಹಣವನ್ನು ನಿಜವಾಗಿ ಕಲಿಸಿದ್ದು ಕೇವಲ 20 ನಿಮಿಷ. ಉಳಿದ ಹೊತ್ತಿನ ಬಹುಪಾಲು ಪ್ರಶ್ನೆ ಕೇಳುವುದಕ್ಕೂ ಅಭ್ಯಾಸಪತ್ರ ತುಂಬಿಸುವುದಕ್ಕೂ ಸಂದಿತ್ತು. 1984ರಲ್ಲಿ ಆನ್‌ಮರೀ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಅವರು, ತಡೆಯಿಲ್ಲದೆ ಓದಬಲ್ಲ ಆದರೆ ಅರ್ಥದಲ್ಲಿ ಹಿಂದುಳಿದ ಏಳನೆಯ ತರಗತಿಯ ಮಕ್ಕಳ ನಡುವೆ ಬೇರೊಂದು ಕ್ರಮವನ್ನು ಪ್ರಯೋಗಿಸಿದರು. ಸಣ್ಣ ಗುಂಪಿನಲ್ಲಿ ಒಂದೊಂದು ಭಾಗ ಓದಿದ ಮೇಲೆ ಒಬ್ಬ ಹುಡುಗ ಅಥವಾ ಹುಡುಗಿ ಶಿಕ್ಷಕರ ಸ್ಥಾನದಲ್ಲಿ ಕುಳಿತು ಸಾರಾಂಶ ಹೇಳಬೇಕು, ಪ್ರಶ್ನೆ ಹಾಕಬೇಕು, ತೊಡಕನ್ನು ಬಿಡಿಸಬೇಕು, ಮುಂದೇನು ಬಂದೀತೆಂದು ಊಹಿಸಬೇಕು. ವ್ಯಾಖ್ಯಾನದ ಪಂಚಲಕ್ಷಣಗಳನ್ನು ಬಲ್ಲವರಿಗೆ ಇವುಗಳಲ್ಲಿ ಎರಡಂತೂ ಹಳೆಯ ಪರಿಚಯದವು. ಹೊಸದು ಪೀಠವನ್ನು ಮಗುವಿಗೆ ಬಿಟ್ಟುಕೊಟ್ಟದ್ದು. ಬಳ್ಳಾರಿಯ ಹಿರಿಯ ಹುಡುಗರು ಕಿರಿಯರಿಗೆ ಅಕ್ಷರ ತಿದ್ದಿಸಿದರು. ಇಲ್ಲಿ ಓರಗೆಯವರು ಪರಸ್ಪರ ಅರ್ಥ ಬಿಡಿಸಿದರು.

ಜಯನಗರದ ನಿವಾಸಿಗಳಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರ (1913–2021) ಕಾರ್ಯವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ. ವಿಜಯಾ ಕಾಲೇಜಿನಲ್ಲಿ ಬಹುಕಾಲ ಕನ್ನಡ ಕಲಿಸಿದ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ದುಡಿದ ಅವರನ್ನು ನಾಡು ನಿಘಂಟುಕಾರರೆಂದೇ ಗುರುತಿಸಿದೆ. ಆದರೆ 1991ರಲ್ಲಿ 'ಪ್ರಜಾವಾಣಿ'ಯಲ್ಲಿ ಆರಂಭವಾದ ಅವರ 'ಇಗೋ ಕನ್ನಡ' ಅಂಕಣ ಓದುಬೋಧನೆಯ ಚರಿತ್ರೆಗೂ ಸೇರಿದ್ದು. ಅಲ್ಲಿ ಪ್ರಶ್ನೆ ಹುಟ್ಟುತ್ತಿದ್ದುದು ಓದುಗನಲ್ಲಿ. ಒಂದು ಪದ ಅಥವಾ ಪ್ರಯೋಗ ತನಗೆ ತಿಳಿಯಲಿಲ್ಲವೆಂದು ಗುರುತಿಸಿಕೊಂಡು, ಅದನ್ನು ಬರೆದು ಕೇಳುವ ಶ್ರಮವನ್ನು ಆತನೇ ವಹಿಸುತ್ತಿದ್ದನು. ತನಗೆ ಎಲ್ಲಿ ಅರ್ಥವಾಗಲಿಲ್ಲವೆಂಬುದನ್ನು ಅರಿಯುವುದು ಗ್ರಹಿಕೆಯ ಮೊದಲ ಮೆಟ್ಟಿಲು. ತರಗತಿಯಲ್ಲಿ ಅದನ್ನು ಒಪ್ಪಿಕೊಂಡ ಮಗುವಿಗೆ ನಗೆಯೋ ಗದರಿಕೆಯೋ ಕಾದಿರುತ್ತದೆ. ಅಂಕಣದಲ್ಲಿ ಅದೇ ಪ್ರಶ್ನೆಗೆ ಗೌರವಯುತ ಉತ್ತರವಿತ್ತು. ಕಠಿಣ ಪದಗಳ ಪಟ್ಟಿಯನ್ನು ಮೊದಲೇ ಅಚ್ಚುಮಾಡಿ ಕೊಡುವ ಪಠ್ಯಪುಸ್ತಕ ಈ ಗುರುತಿಸುವಿಕೆಯ ಅವಕಾಶವನ್ನೇ ಮಗುವಿನಿಂದ ಕಸಿದುಕೊಳ್ಳುತ್ತದೆ.

ಶಾಲೆಯ ಒಳಗಿನ ಬದಲಾವಣೆ ಆರಂಭವಾದದ್ದು ಬೆಂಗಳೂರಿನಿಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿಯ ಪ್ರಯೋಗಗಳಿಂದ ಪ್ರೇರಣೆ ಪಡೆದು ರೂಪುಗೊಂಡ 'ನಲಿ ಕಲಿ' ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳ ನೆರವಿನಿಂದ ಗುಂಪುಗಳಲ್ಲಿ ತಮ್ಮ ವೇಗಕ್ಕೆ ತಕ್ಕಂತೆ ಕಲಿಯತೊಡಗಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವ್ಯಾಪಿಸಿತು. ಬನಶಂಕರಿ ಮೂರನೆಯ ಹಂತದ ವರ್ತುಲ ರಸ್ತೆಯಲ್ಲಿರುವ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಇಂತಹ ಪ್ರಯತ್ನಗಳಿಗೆ ಶೈಕ್ಷಣಿಕ ಕೇಂದ್ರ. ನಾಲ್ಕು ಮತ್ತು ಐದನೆಯ ತರಗತಿಗಳಿಗಾಗಿ ಪ್ರಥಮ್ ಸಂಸ್ಥೆಯ ಸಹಯೋಗದಲ್ಲಿ ನಡೆದ 'ಓದು ಕರ್ನಾಟಕ' ಕಾರ್ಯಕ್ರಮದಲ್ಲಿ ಮಕ್ಕಳನ್ನು ತರಗತಿಗಿಂತ ಓದಿನ ಮಟ್ಟಕ್ಕೆ ಅನುಸಾರವಾಗಿ ಗುಂಪುಗೂಡಿಸಲಾಯಿತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದಾದ ನಷ್ಟವನ್ನು ತುಂಬಲು 2022–23ರಲ್ಲಿ 'ಕಲಿಕಾ ಚೇತರಿಕೆ' ಬಂದಿತು. ಅಕ್ಷರ, ಪದ, ವಾಕ್ಯ, ಕಥೆ ಎಂಬ ಏಣಿಯನ್ನು ಹತ್ತಿಸುವಲ್ಲಿ ಇವುಗಳ ಉಪಯೋಗವನ್ನು ಅಲ್ಲಗಳೆಯಲಾಗದು. ಕಥೆಯನ್ನು ಓದಬಲ್ಲ ಮಗುವಿಗೆ ಆ ಬಳಿಕ ಏನು ಕಲಿಸಬೇಕೆಂಬ ಬಗ್ಗೆ ಅಷ್ಟೇ ಸ್ಪಷ್ಟವಾದ ಯೋಜನೆ ಇನ್ನೂ ರೂಪುಗೊಳ್ಳಬೇಕಾಗಿದೆ.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯಂತಹ ಕಡೆ ಈ ಕೊರತೆ ಇನ್ನೂ ತೀವ್ರವಾದದ್ದು. ಅಲ್ಲಿನ ತರಗತಿಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳ್ಳ ಮಗುವಿನ ಪಕ್ಕದಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮಾತಾಡುವ ಮಕ್ಕಳು ಕುಳಿತಿರುತ್ತಾರೆ. ಕನ್ನಡದ ಲಿಪಿ ಹೇಳಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯಾದುದರಿಂದ, ಒಮ್ಮೆ ಒತ್ತಕ್ಷರಗಳು ಹಿಡಿತಕ್ಕೆ ಸಿಕ್ಕರೆ ಇವರೆಲ್ಲರೂ ಬಹುಮಟ್ಟಿಗೆ ಒಂದೇ ಸಮನಾಗಿ ಗಟ್ಟಿಯಾಗಿ ಓದಬಲ್ಲರು. ಶಿಕ್ಷಕರು ಮೋಸಹೋಗುವುದು ಅಲ್ಲಿಯೇ. "ಸಂತೆಯಿಂದ ತಂದ ಕುರಿಯನ್ನು ಕಟ್ಟಿದ ಹುಡುಗನ ತಾಯಿ ಬಂದಳು" ಎಂಬ ವಾಕ್ಯದಲ್ಲಿ 'ತಂದ', 'ಕಟ್ಟಿದ' ಎಂಬ ಕೃದಂತಗಳು ತಾವು ವಿಶೇಷಿಸುವ ನಾಮಪದಗಳಿಗಿಂತ ಮೊದಲೇ ಬರುತ್ತವೆ. ತೆಲುಗು, ತಮಿಳು ಮಕ್ಕಳಿಗೆ ಈ ಕಟ್ಟಡ ಮನೆಯಲ್ಲೇ ರೂಢಿಯಾದದ್ದು. ಹಿಂದಿ, ಉರ್ದು ಮಾತಾಡುವ ಮಗು ತನ್ನ ನುಡಿಯಲ್ಲಿ ಅದನ್ನೇ ಸಾಮಾನ್ಯವಾಗಿ 'ಯಾವ ಹುಡುಗನು ಕಟ್ಟಿದನೋ ಆ ಹುಡುಗನ' ಎಂಬ ರೀತಿಯಲ್ಲಿ ಬಿಡಿಸಿ ಹೇಳುತ್ತದೆ. ಬಂದವರು ಯಾರು ಎಂದು ಕೇಳಿದಾಗ ಅದು "ಹುಡುಗ" ಎಂದರೆ, ಆ ತಪ್ಪು ದಡ್ಡತನದ್ದಲ್ಲ, ವಾಕ್ಯರಚನೆಯದು. ಒಬ್ಬೊಬ್ಬರೂ ಆ ವಾಕ್ಯವನ್ನು ತಮ್ಮ ಮನೆಮಾತಿನಲ್ಲಿ ಒಮ್ಮೆ ಹೇಳಿ, ಮತ್ತೆ ಕನ್ನಡಕ್ಕೆ ತರಲಿ ಎಂದು ಶಿಕ್ಷಕರು ಹತ್ತು ನಿಮಿಷ ಬಿಟ್ಟುಕೊಟ್ಟರೆ, ಯಾರಿಗೆ ಯಾವ ಗಂಟು ಬಿಡಿಸಲಾಗದೆ ಉಳಿದಿದೆ ಎಂಬುದು ತರಗತಿಯ ಎದುರೇ ಕಾಣಿಸುತ್ತದೆ.